ಶುಕ್ರವಾರ ನಾಲ್ಕು ಗಂಟೆಯ ಓದು

"ಇಪ್ಪತ್ತೇಳು ತಪ್ಪು ಹುಡುಕಿರೋ ಮಹಾನುಭಾವರು ಯಾರು?"

ಮೂರನೇ ಮಹಡಿಯಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ತಲೆ ಎತ್ತಿದರು.

ಕೇಳಿದವಳು ಕೆಲಸಕ್ಕೆ ಸೇರಿ ಆಗ ನಾಲ್ಕೇ ದಿನ. ತೆರೆದ ಲ್ಯಾಪ್‌ಟಾಪನ್ನು ಹಾಗೇ ಕೈಯಲ್ಲಿ ಹಿಡಿದು ನಿಂತಿದ್ದಳು. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಸಮಯ ಗೊತ್ತುಮಾಡುವ ಸಾಫ್ಟ್‌ವೇರ್ ಆ ಕಚೇರಿಯದು. ಅದಕ್ಕಾಗಿ ಅವಳು ಬರೆದ ಮೊದಲ ಕೋಡಿನ ಪಕ್ಕದಲ್ಲಿ ಯಾರೋ ಇಪ್ಪತ್ತೇಳು ಟಿಪ್ಪಣಿ ಬರೆದಿಟ್ಟಿದ್ದರು.

ಕಿಟಕಿ ಪಕ್ಕ ಬಾಟಲಿಗೆ ನೀರು ತುಂಬಿಸುತ್ತಿದ್ದ ಒಬ್ಬ ನಲ್ಲಿ ನಿಲ್ಲಿಸಿ ತಿರುಗಿದ.

"ಇಪ್ಪತ್ತೆಂಟಿತ್ತು. ಒಂದನ್ನ ಅಳಿಸಿದೆ. ಅದರಲ್ಲಿ ನೀವೇ ಸರಿ, ನಾನೇ ತಪ್ಪು ತಿಳ್ಕೊಂಡಿದ್ದೆ."

ಇಷ್ಟು ಹೇಳಿ ಮತ್ತೆ ನಲ್ಲಿ ತಿರುಗಿಸಿದ.

ಅಲ್ಲಿಗೇ ಕೋಪ ಅರ್ಧ ಇಳಿಯಬೇಕಿತ್ತು. ಇಳಿಯಲಿಲ್ಲ. ನಮ್ಮ ಹುಡುಗಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ. ಮನೆಯಲ್ಲಿ ಅಕ್ಕ ಅವಳನ್ನ ಕರೆಯೋದೇ 'ಪಟಾಕಿ' ಅಂತ. ಈ ಕಥೆ ಮುಗಿಯೋವರೆಗೆ ನಾವೂ ಹಾಗೇ ಕರೆಯೋಣ. ಕೇಳಿಸಿಕೊಂಡರೆ ಬೈತಾಳೆ, ಬೈಯಲಿ ಬಿಡಿ.

"ಮೇಷ್ಟ್ರಿಗೆ ಇವತ್ತು ಗ್ರಹಚಾರ ಕಾದಿದೆ," ಅಂತ ಪಕ್ಕದಲ್ಲಿದ್ದ ಟೆಸ್ಟರ್ ಅಣ್ಣ ಮೆಲ್ಲಗೆ ನಕ್ಕರು. ಅವರು ಆ ಮಹಡಿಗೆಲ್ಲ ಹಿರಿಯರು, ಯಾವ ಸಾಫ್ಟ್‌ವೇರೂ ಅವರ ಕೈಲಿ ಪರೀಕ್ಷೆಯಾಗದೆ ಹೊರಗೆ ಹೋಗುತ್ತಿರಲಿಲ್ಲ.

ಆ ನೀರಿನ ಬಾಟಲಿಯವನಿಗೆ ಕಚೇರಿಯಲ್ಲಿ ಮೇಷ್ಟ್ರು ಅಂತಲೇ ಹೆಸರು. ಯಾಕೆ ಅನ್ನೋದು ಅವಳಿಗೆ ಮರುದಿನವೇ ಗೊತ್ತಾಯಿತು.

ಮರುದಿನ ಶುಕ್ರವಾರ. ನಾಲ್ಕು ಗಂಟೆಗೆ ಸರಿಯಾಗಿ ಒಂದು ಮೇಲ್ ಬಂತು. 'ಈ ವಾರ ಓದಬಹುದಾದ ಐದು' ಅಂತ ಶೀರ್ಷಿಕೆ. ಐದು ಲೇಖನಗಳ ಕೊಂಡಿ, ಪ್ರತಿಯೊಂದರ ಕೆಳಗೆ ಎರಡು ಮೂರು ಸಾಲು. ಹಳೇ ಕೋಡನ್ನು ಕಿತ್ತು ಹಾಕುವ ಮೊದಲು ಅದನ್ನ ಬರೆದವರ ಕಷ್ಟ ಏನಿತ್ತು ಅಂತ ಯೋಚಿಸಿ ಅನ್ನೋದು ಒಂದು. ಪಾಳಿ ಬದಲಾಗುವಾಗ ನರ್ಸುಗಳು ಒಬ್ಬರಿಗೊಬ್ಬರು ವಿಷಯ ಹೇಗೆ ದಾಟಿಸ್ತಾರೆ ಅನ್ನೋದು ಇನ್ನೊಂದು. ಐವತ್ತರ ವಯಸ್ಸಿನಲ್ಲಿ ಈಜು ಕಲಿತವರೊಬ್ಬರ ಬರಹ ಮತ್ತೊಂದು. ಅದರ ಕೆಳಗೆ ಅವನು ಬರೆದಿದ್ದ: 'ಕಲಿಯುವವರಿಗೆ ಮುಳುಗುವ ಭಯ ಇದ್ದೇ ಇರುತ್ತೆ. ಕಲಿಸುವವರು ಅದನ್ನ ಮರೆತಿರ್ತಾರೆ.'

ಆ ಸಾಲನ್ನ ಪಟಾಕಿ ಮೂರು ಸಲ ಓದಿದಳು. ಸೋಮವಾರ ಅವನ ಮೇಜಿನ ಹತ್ತಿರ ಹೋಗಿ, "ಇಪ್ಪತ್ತೇಳರಲ್ಲಿ ಇಪ್ಪತ್ತನಾಲ್ಕು ಸರಿ. ಉಳಿದ ಮೂರರ ಬಗ್ಗೆ ಜಗಳ ಆಡಬೇಕು," ಅಂದಳು.

"ಇಲ್ಲಿ ಬೇಡ, ಮೆಟ್ಟಿಲ ಹತ್ರ ಬನ್ನಿ. ಅಲ್ಲಿ ಜೋರಾಗಿ ಆಡಬಹುದು," ಅಂದ ಅವನು.

ಹಾಗೆ ಶುರುವಾಯಿತು. ಪ್ರತಿ ಶುಕ್ರವಾರ ಮೇಲ್, ಪ್ರತಿ ಸೋಮವಾರ ಮೆಟ್ಟಿಲ ಮೇಲೆ ಅದರ ಮಾತು. ನೂರ ನಲವತ್ತು ಜನರಿಗೆ ಹೋಗುವ ಮೇಲ್ ಅದು. ನೂರ ಮೂವತ್ತು ಜನ ತೆರೆದೂ ನೋಡುತ್ತಿರಲಿಲ್ಲ ಅಂತ ಅವನೇ ಹೇಳಿ ನಗುತ್ತಿದ್ದ. ಇವಳು ಮಾತ್ರ ಐದಕ್ಕೆ ಐದೂ ಓದಿ, ಅಂಚಿನಲ್ಲಿ ಪ್ರಶ್ನೆ ಗೀಚಿಕೊಂಡು ಬರುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ 'ನೀವು' ಹೋಗಿ ಅವನ ಬಾಯಲ್ಲಿ 'ನೀನು' ಬಂತು. ಇವಳು ಮಾತ್ರ ಗೌರವ ಬಿಡಲಿಲ್ಲ.

'ಸೋಮವಾರ ಬೇಗ ಬರಬಾರದಾ…' ಅಂತ ಭಾನುವಾರ ಬೆಳಗ್ಗೆಯೇ ಅನ್ನಿಸೋದಕ್ಕೆ ಶುರುವಾದಾಗ ಅವಳಿಗೆ ತನ್ನ ಬಗ್ಗೆಯೇ ಅನುಮಾನ ಬಂತು.

"ಅಕ್ಕ, ಸೋಮವಾರ ಅಂದ್ರೆ ಖುಷಿ ಪಡೋದು ಯಾವುದಾದ್ರೂ ರೋಗ ಇರಬಹುದಾ?"

ಅಕ್ಕ ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವವಳು. "ಬಾಯಿ ತೆಗಿ ನೋಡೋಣ," ಅಂದಳು. "ಹ್ಞೂಂ. ಹಲ್ಲೆಲ್ಲ ಸರಿಯಾಗೇ ಇದೆ. ಹಾಗಾದ್ರೆ ಅದೇ ರೋಗ."

ಎರಡನೇ ವರ್ಷ ಪಟಾಕಿಯನ್ನು ತಂಡದ ಮುಖ್ಯಸ್ಥೆ ಮಾಡಿದರು. ಒಂಬತ್ತು ಜನರ ತಂಡ, ಟೆಸ್ಟರ್ ಅಣ್ಣನೂ ಮೇಷ್ಟ್ರೂ ಅದರಲ್ಲೇ. ಎಲ್ಲರಿಗೂ ಖುಷಿ. ಅವಳಿಗೆ ಒಳಗೊಳಗೇ ಪುಕಪುಕ. ಯಾರಾದರೂ 'ಇವಳಿಗೇನು ಬರತ್ತೆ' ಅಂದುಬಿಟ್ಟರೆ ಅನ್ನುವ ಭಯ. ಹೆದರಿದಾಗ ಅವಳ ದನಿ ಏರುತ್ತೆ ಅನ್ನೋದು ಆಗ ಇನ್ನೂ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

ಮೂರನೇ ತಿಂಗಳು ಒಂದು ಎಡವಟ್ಟಾಯಿತು. ಅವರ ಹೊಸ ಬದಲಾವಣೆಯಿಂದ ಒಂದು ಆಸ್ಪತ್ರೆಯಲ್ಲಿ ಬೆಳಗ್ಗೆ ಬರಬೇಕಾದವರಿಗೆಲ್ಲ ಸಂಜೆ ಬನ್ನಿ ಅಂತ ಸಂದೇಶ ಹೋಯಿತು. ಅರ್ಧ ದಿನದಲ್ಲಿ ಸರಿಮಾಡಿದರು, ಯಾರಿಗೂ ಅಪಾಯವಾಗಲಿಲ್ಲ. ಆದರೆ ಗುರುವಾರ ದೊಡ್ಡವರ ಮುಂದೆ ಸಭೆ ನಡೆಯಿತು. ಪಟಾಕಿಯ ಕಣ್ಣು ಟೆಸ್ಟರ್ ಅಣ್ಣನ ಮೇಲೆ ಬಿತ್ತು.

"ಇಪ್ಪತ್ತು ವರ್ಷದ ಅನುಭವ ಅಂತೀರಿ. ಇಷ್ಟು ಸಣ್ಣದು ಕಣ್ಣಿಗೆ ಬೀಳಲಿಲ್ವಾ? ನಿಮ್ಮಿಂದ ಇವತ್ತು ನಾವೆಲ್ಲ ತಲೆ ತಗ್ಗಿಸಿ ಕೂರಬೇಕಾಯ್ತು."

ಟೆಸ್ಟರ್ ಅಣ್ಣ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಮೇಷ್ಟ್ರು ಅವಳ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದ.

ಆ ನೋಟ ಅವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. 'ನನ್ನ ಪರವಾಗಿ ಒಂದು ಮಾತಾಡಲಿಲ್ಲ…'

ಮರುದಿನ ನಾಲ್ಕು ಗಂಟೆಗೆ ಮೇಲ್ ಬಂತು. ಐದರಲ್ಲಿ ಮೊದಲನೆಯದು, ಸಭೆಯಲ್ಲಿ ಎಲ್ಲರೆದುರು ಒಬ್ಬರನ್ನ ಬೈಯುವ ಮುಖ್ಯಸ್ಥರ ಬಗ್ಗೆ. ಕೆಳಗೆ ಅವನ ಸಾಲುಗಳು: 'ನಾಲ್ಕು ಜನರ ಮುಂದೆ ಒಬ್ಬರ ಮಾನ ಕಳೆದವರಿಗೆ ಮರುದಿನದಿಂದ ಯಾರೂ ನಿಜ ಹೇಳೋದಿಲ್ಲ. ಅವರು ಕೊನೆಗೆ ಒಂಟಿಯಾಗ್ತಾರೆ. ಇದನ್ನ ಮೊದಲೇ ಯಾರಾದರೂ ಹೇಳಿಕೊಡಬೇಕಿತ್ತು.'

ಪಟಾಕಿಗೆ ರಕ್ತವೆಲ್ಲ ತಲೆಗೇರಿತು. ನಿನ್ನೆ ಸಭೆ, ಇವತ್ತು ಈ ಬರಹ! ಇಡೀ ಕಚೇರಿಗೆ ನನ್ನನ್ನ ಎತ್ತಿ ತೋರಿಸಿದ್ದಾನೆ ಅಂತ ಅವಳಿಗೆ ಅನ್ನಿಸಿತು. ಬೆರಳು ತಾನಾಗೇ ಓಡಿತು.

'ನನ್ನ ಬಗ್ಗೆ ಹೇಳೋದಿದ್ದರೆ ನನ್ನೆದುರು ಬಂದು ಹೇಳಿ. ಓದಿನ ಹೆಸರಲ್ಲಿ ಹಿಂದಿನಿಂದ ಚುಚ್ಚೋದು ಹೇಡಿಗಳ ಕೆಲಸ. ನಿಮ್ಮ ಪ್ರವಚನ ಇಲ್ಲಿ ಯಾರಿಗೂ ಬೇಕಿಲ್ಲ. ನೂರ ಮೂವತ್ತು ಜನ ತೆರೆದೂ ನೋಡಲ್ಲ ಅಂತ ನಿಮಗೇ ಗೊತ್ತು.'

ಕಳಿಸಿದಳು. ಅವನೊಬ್ಬನಿಗಲ್ಲ, ನೂರ ನಲವತ್ತು ಜನರಿಗೂ.

ಹತ್ತು ನಿಮಿಷದಲ್ಲಿ ಅವನು ಅವಳ ಮೇಜಿನ ಹತ್ತಿರ ಬಂದ. ಮುಖ ಬಿಳುಚಿಕೊಂಡಿತ್ತು. "ಒಂದು ನಿಮಿಷ ಮಾತಾಡಬೇಕಿತ್ತು."

"ಮೇಲ್ ಮಾಡಿ. ನಿಮಗೆ ಅದೇ ತಾನೇ ಚೆನ್ನಾಗಿ ಬರೋದು?"

ಅವನು ಹೊರಟುಹೋದ. ಸೋಮವಾರ ಅವಳು ಮೆಟ್ಟಿಲ ಕಡೆ ಹೋಗಲಿಲ್ಲ. ಮುಂದಿನ ಶುಕ್ರವಾರ ಮೇಲ್ ಬರಲಿಲ್ಲ. ಒಂದು ತಿಂಗಳಿಗೆ ಅವನ ಕುರ್ಚಿ ಖಾಲಿಯಾಯಿತು. ಬೀಳ್ಕೊಡುಗೆಯ ದಿನ ಪಟಾಕಿ ತಲೆನೋವು ಅಂತ ರಜೆ ಹಾಕಿದಳು.

ಅವಳ ಪರವಾಗಿ ನಾನು ಏನಾದರೂ ಹೇಳಬಹುದಿತ್ತು. ಚಿಕ್ಕ ವಯಸ್ಸು, ಹೊಸ ಜವಾಬ್ದಾರಿ, ಹಾಳು ಹಟ… ಎಲ್ಲ ನಿಜ. ಆದರೆ ಆ ದಿನ ರಜೆ ಹಾಕಿದ್ದಕ್ಕೆ ಅವಳನ್ನ ನಾನೂ ಕ್ಷಮಿಸಿಲ್ಲ.

ಆ ಸಭೆಯಾಗಿ ಹನ್ನೊಂದು ತಿಂಗಳು ಕಳೆಯಿತು. ಅವನು ಬರೆದಿದ್ದು ಅಕ್ಷರ ಅಕ್ಷರವಾಗಿ ನಿಜವಾಗುತ್ತಿತ್ತು. ಅವಳ ಹತ್ತಿರ ಯಾರೂ ಕೆಟ್ಟ ಸುದ್ದಿ ತರುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ "ಎಲ್ಲ ಸರಿ ಇದೆ ಮೇಡಂ" ಅಂತಿದ್ದರು. ಊಟಕ್ಕೆ ಅವಳನ್ನ ಬಿಟ್ಟು ತಂಡದವರೆಲ್ಲ ಒಟ್ಟಿಗೆ ಹೋಗುತ್ತಿದ್ದರು.

ಒಂದು ಬುಧವಾರ ದೊಡ್ಡವರು ಕರೆದರು. "ವಾರದ ಓದು ಅಂತ ಮೊದಲು ಬರ್ತಿತ್ತಲ್ಲ, ಜನ ಅದನ್ನ ಕೇಳ್ತಿದಾರೆ. ನೀನೇ ಮತ್ತೆ ಶುರು ಮಾಡು. ಅವರ ಹಳೇ ಕಡತ ನಿನಗೆ ತೆರೆದುಕೊಟ್ಟಿದೀನಿ."

ಒಲ್ಲದ ಮನಸ್ಸಿನಿಂದ ಕಡತ ತೆರೆದಳು. ಮೂರು ವರ್ಷದ ಶುಕ್ರವಾರಗಳು ಸಾಲಾಗಿ ಇದ್ದವು. ಯಾವ ಸಾಲನ್ನ ಯಾವ ದಿನ, ಎಷ್ಟು ಗಂಟೆಗೆ ಬರೆದದ್ದು ಅಂತ ಪಕ್ಕದಲ್ಲಿ ತಾನಾಗೇ ದಾಖಲಾಗಿತ್ತು. ಅವಳ ಕೈ ಸೀದಾ ಆ ವಾರಕ್ಕೇ ಹೋಯಿತು.

ಮೊದಲ ಲೇಖನ, ಅದರ ಕೆಳಗಿನ ಸಾಲುಗಳು. ಬರೆದದ್ದು ಸೋಮವಾರ, ಬೆಳಗ್ಗೆ ಎಂಟೂ ಹತ್ತು. ಕೊನೆಯ ತಿದ್ದುಪಡಿ ಮಂಗಳವಾರ. ಶುಕ್ರವಾರ ನಾಲ್ಕಕ್ಕೆ ತಾನಾಗೇ ಹೋಗುವಂತೆ ಮಂಗಳವಾರವೇ ಹೊಂದಿಸಿಟ್ಟಿದ್ದ.

ಸಭೆ ನಡೆದದ್ದು ಗುರುವಾರ.

ಹಿಂದಿನ ವಾರ ನೋಡಿದಳು, ಅದರ ಹಿಂದಿನ ವಾರ ನೋಡಿದಳು. ಎಲ್ಲವೂ ಸೋಮವಾರ ಬರೆದವೇ. ಎರಡು ವರ್ಷ ಮೆಟ್ಟಿಲ ಮೇಲೆ ಕೂತು ಪ್ರಪಂಚದ ವಿಷಯವೆಲ್ಲ ಮಾತಾಡಿದವಳು, ಇದನ್ನ ಯಾವಾಗ ಬರೀತೀರಿ ಅಂತ ಒಂದು ದಿನವೂ ಕೇಳಿರಲಿಲ್ಲ.

ಏನೇ ಕೆಟ್ಟರೂ ತಂಡಕ್ಕೆ ಅವಳು ಹೇಳುವ ಮೊದಲ ಮಾತು ಒಂದೇ: "ಮೊದಲು ಸಮಯ ನೋಡಿ. ಯಾವುದಾದ ಮೇಲೆ ಯಾವುದಾಯ್ತು?" ಕಂಪ್ಯೂಟರಿಗೆ ಸಿಕ್ಕ ಆ ನ್ಯಾಯ ಅವನಿಗೆ ಸಿಗಲಿಲ್ಲ.

ಅಳಿಸಿದ ಸಾಲುಗಳೂ ಆ ದಾಖಲೆಯಲ್ಲಿದ್ದವು. ಸೋಮವಾರ ಬರೆದು ಮಂಗಳವಾರ ತೆಗೆದುಹಾಕಿದ್ದು: 'ಆರು ವರ್ಷದ ಹಿಂದೆ ಬೇರೆ ಕಡೆ ನಾನೂ ಒಂದು ತಂಡ ನಡೆಸ್ತಿದ್ದೆ. ಒಬ್ಬರನ್ನ ಹೀಗೇ ಎಲ್ಲರೆದುರು ನಿಲ್ಲಿಸಿ ಬೈದೆ. ಅವರು ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಮುಖ್ಯಸ್ಥನಾಗೋದು ಬಿಟ್ಟು ಓದೋಕೆ ಶುರು ಮಾಡಿದ್ದು ಆಮೇಲೆ.'

ಅವನು ಬರೆದದ್ದು ತನ್ನ ಬಗ್ಗೆಯೇ.

ಕೊನೆಯಲ್ಲಿ ಇನ್ನೊಂದು ಪುಟವಿತ್ತು. ಯಾರಿಗೂ ಕಳಿಸದೇ ಉಳಿದದ್ದು. ಗುರುವಾರ ಸಂಜೆ ಐದಕ್ಕೆ ಬರೆದದ್ದು, ಅಂದರೆ ಸಭೆ ಮುಗಿದ ಮೇಲೆ.

'ಹೊಸದಾಗಿ ತಂಡ ನಡೆಸೋರಿಗೆ ಐದು. ಇದು ಎಲ್ಲರಿಗೂ ಹೋಗಬಾರದು, ಅವಳೊಬ್ಬಳಿಗೆ. ಸೋಮವಾರ ಮೆಟ್ಟಿಲ ಹತ್ರ ಕೊಡೋದು. ಬುದ್ಧಿ ಹೇಳಿದ ಹಾಗಿರಬಾರದು. ಅವಳು ಹೆದರಿದಾಳೆ. ಮೊದಲು ನನ್ನ ಕಥೆ ಹೇಳಬೇಕು. ಆಮೇಲೆ, ಧೈರ್ಯ ಬಂದರೆ, ಇನ್ನೊಂದು ಮಾತನ್ನೂ.'

ಪಟಾಕಿ ಕಚೇರಿಯ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳು ಒತ್ತರಿಸಿಕೊಂಡು ಬಂತು. ನಲ್ಲಿ ಬಿಟ್ಟುಕೊಂಡು ಅತ್ತಳು.

ಹೊರಗೆ ಬಂದವಳು ಮೊದಲು ಹೋಗಿದ್ದು ಟೆಸ್ಟರ್ ಅಣ್ಣನ ಹತ್ತಿರ. ಒಂದು ಕುರ್ಚಿ ಎಳೆದುಕೊಂಡು ಕೂತಳು.

"ಅಣ್ಣ, ಆ ದಿನ ನಾನು ಹಾಗೆ ಮಾತಾಡಬಾರದಿತ್ತು. ತಪ್ಪು ನನ್ನದೂ ಇತ್ತು. ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟಿದೆ. ಹನ್ನೊಂದು ತಿಂಗಳು ಬೇಕಾಯ್ತು ನನಗೆ ಇದನ್ನ ಹೇಳೋಕೆ."

"ನನಗೆ ನೋವಾಗಿತ್ತಮ್ಮ," ಅಂದರು ಅವರು. "ಮನೆಯಲ್ಲೂ ಯಾರಿಗೂ ಹೇಳಲಿಲ್ಲ. ಆ ಸಂಜೆ ಮೇಷ್ಟ್ರು ನನ್ನ ಜೊತೆ ಬಸ್ ನಿಲ್ದಾಣದವರೆಗೂ ನಡ್ಕೊಂಡು ಬಂದ್ರು. 'ಅವಳು ಕೆಟ್ಟವಳಲ್ಲ ಅಣ್ಣ, ಭಯಕ್ಕೆ ಹಾಗಾಡಿದ್ಲು, ಹೊಟ್ಟೆಗೆ ಹಾಕ್ಕೊಳ್ಳಿ' ಅಂದ್ರು. ಅದಕ್ಕೇ ನಾನು ಕೆಲಸ ಬಿಡದೆ ಉಳಿದಿದ್ದು."

"ಈಗ ಎಲ್ಲಿದಾರೆ ಅವರು?"

"ದೊಡ್ಡ ಗ್ರಂಥಾಲಯದಲ್ಲಿ. ಪುಸ್ತಕ ಹುಡುಕೋ ಕಂಪ್ಯೂಟರ್‌ಗಳನ್ನ ನೋಡ್ಕೋತಾರೆ." ಅಣ್ಣ ಕನ್ನಡಕ ತೆಗೆದರು. "ಅಲ್ಲಿ ಹೊಸಬರಿಗೆ ಪಾಠ ಮಾಡಿ ಅಂತ ಎರಡು ಸಲ ಕೇಳಿದ್ರಂತೆ. ಒಪ್ಪಲಿಲ್ಲ. 'ನನ್ನ ಪ್ರವಚನ ಯಾರಿಗೂ ಬೇಡ' ಅಂತಾರಂತೆ."

ಅದು ಅವಳದೇ ಮಾತು. ಈಗ ಅವನ ಬಾಯಲ್ಲಿ ಇತ್ತು.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವರಿಗೆ ಬೇರೆ ಯಾರಾದರೂ ಸಿಕ್ಕಿದ್ದರೆ ಅಕ್ಕ?"

"ಸಿಕ್ಕಿದ್ದರೆ ಒಳ್ಳೇದಾಗಲಿ ಅಂತ ಹೇಳಿ ಬಾ. ನೀನು ಹೋಗಬೇಕಾಗಿರೋದು ಅವರನ್ನ ಪಡೆಯೋಕಲ್ಲ ಕಣೇ. ನೀನು ಮುಚ್ಚಿಸಿದ ಬಾಯಿ ಅದು. ನೀನೇ ತೆರೆಸಬೇಕು."

ಶನಿವಾರ ಬೆಳಗ್ಗೆ ಹತ್ತೂವರೆಗೆ ಅವಳು ಗ್ರಂಥಾಲಯದ ಒಳಗಿದ್ದಳು. ಉದ್ದನೆಯ ಕೋಣೆ, ಎರಡು ಬದಿಗೂ ಕಪಾಟು, ಮಧ್ಯದಲ್ಲಿ ಆರು ಕಂಪ್ಯೂಟರ್. ಒಂದರ ಕೆಳಗೆ ಮಂಡಿಯೂರಿ ವೈರು ಸಿಕ್ಕಿಸುತ್ತಿದ್ದ ಅವನು ಎದ್ದು ನಿಂತ. ತೆಳ್ಳಗಾಗಿದ್ದ. ಕಿವಿಯ ಪಕ್ಕ ಒಂದೆರಡು ಬಿಳಿ ಕೂದಲು.

"ನೀವಾ?" ಅಂದ.

ನೀವು… ಒಂದು ವರ್ಷ ಕಷ್ಟಪಟ್ಟು ಗಳಿಸಿದ 'ನೀನು' ಹೋಗಿಬಿಟ್ಟಿತ್ತು.

"ಬೈಯೋಕೆ ಬಂದಿಲ್ಲ," ಅಂದಳು. "ಓದಿ ಹೇಳೋಕೆ ಬಂದಿದೀನಿ."

ಚೀಲದಿಂದ ಒಂದು ಹಾಳೆ ತೆಗೆದಳು. ಸಾಫ್ಟ್‌ವೇರ್ ಕೆಟ್ಟಾಗಲೆಲ್ಲ ಕಚೇರಿಯಲ್ಲಿ ಬರೆಯುವ ವರದಿಯ ರೀತಿಯಲ್ಲೇ ಬರೆದದ್ದು. ಯಾವಾಗ ಏನಾಯಿತು, ಯಾಕಾಯಿತು, ಏನು ಹಾಳಾಯಿತು. ನಿಂತಲ್ಲೇ ಓದಿದಳು.

"ಸೋಮವಾರ ಬೆಳಗ್ಗೆ ಎಂಟೂ ಹತ್ತಕ್ಕೆ ಅವರು ತಮ್ಮ ಬಗ್ಗೆ ಒಂದು ನಿಜ ಬರೆದರು. ಗುರುವಾರ ನಾನು ಒಬ್ಬ ಹಿರಿಯರ ಮನಸ್ಸು ನೋಯಿಸಿದೆ. ಶುಕ್ರವಾರ ಸಮಯ ನೋಡದೆ, ಕೇಳದೆ, ನೂರ ನಲವತ್ತು ಜನರ ಮುಂದೆ ಅವರನ್ನ ಹೇಡಿ ಅಂದೆ. ಅವರು ಮಾತಾಡೋಕೆ ಬಂದರು, ನಾನು ಬಿಡಲಿಲ್ಲ. ಕಾರಣ, ಅವರು ಬರೆದದ್ದು ನನಗೆ ಸರಿಯಾಗಿ ಹೊಂದುತ್ತಿತ್ತು, ಅದನ್ನ ಒಪ್ಪಿಕೊಳ್ಳೋ ಧೈರ್ಯ ನನಗಿರಲಿಲ್ಲ. ಹಾಳಾದದ್ದು…"

ಮುಂದೆ ಓದೋಕೆ ಆಗಲಿಲ್ಲ. ಅವನು ಕೈ ಚಾಚಿ ಹಾಳೆ ತೆಗೆದುಕೊಂಡು ಉಳಿದದ್ದನ್ನ ತಾನೇ ಓದಿಕೊಂಡ. ಕುರ್ಚಿ ಎಳೆದು ಅವಳಿಗೆ ಕೊಟ್ಟ. ತಾನು ಎದುರು ಕೂತ.

"ಇದರಲ್ಲಿ ನನ್ನ ತಪ್ಪು ಬಿಟ್ಟುಹೋಗಿದೆ," ಅಂದ. "ಗುರುವಾರ ಸಭೆ ಆದಮೇಲೆ ಆ ಮೇಲ್ ತಡೀಬೇಕಿತ್ತು. ನಿನಗೆ ಏನು ಹೇಳೋದು ಅಂತ ಯೋಚಿಸ್ತಾ, ಅದು ಹೋಗೋಕೆ ಕಾದು ಕೂತಿದೆ ಅನ್ನೋದನ್ನೇ ಮರೆತೆ."

"ಸೋಮವಾರ ಬರೆದದ್ದು ಅಂತ ಒಂದು ಸಾಲು ಉತ್ತರ ಕೊಟ್ಟಿದ್ದರೆ ಸಾಕಿತ್ತಲ್ಲ. ಯಾಕೆ ಕೊಡಲಿಲ್ಲ?"

"ಯಾರಿಗೆ ಕೊಡಲಿ? ಎಲ್ಲರಿಗೂ ಕೊಟ್ಟಿದ್ದರೆ ನೂರ ನಲವತ್ತು ಜನರ ಮುಂದೆ ನೀನು ಸಣ್ಣವಳಾಗ್ತಿದ್ದೆ. ಒಬ್ಬರನ್ನ ಹಾಗೆ ಮಾಡಿದ್ದೇ ನನಗೆ ಜನ್ಮಕ್ಕೆ ಸಾಕಾಗಿತ್ತು."

ಅವಳು ಮುಖ ಮುಚ್ಚಿಕೊಂಡಳು. ದೂರದ ಮೇಜಿನಲ್ಲಿ ಪತ್ರಿಕೆ ಓದುತ್ತಿದ್ದ ಅಜ್ಜ ಒಬ್ಬರು ತಲೆ ಎತ್ತಿ ನೋಡಿ, ನೋಡಲಿಲ್ಲವೆಂಬಂತೆ ಪುಟ ತಿರುಗಿಸಿದರು.

"ನನಗೂ ಕೋಪ ಬಂದಿತ್ತು," ಅಂದ ಅವನು ನಿಧಾನವಾಗಿ. "ಸುಳ್ಳು ಹೇಳಲ್ಲ. ನೀನಾಗೇ ಬರ್ತೀಯ ಅಂತ ಕೆಲಸ ಬಿಡೋವರೆಗೂ ಕಾದೆ. ಕೊನೇ ದಿನವೂ ಬರಲಿಲ್ಲ ನೀನು. ಆಮೇಲೆ ಓದೋದೇ ಬಿಟ್ಟೆ. ಒಳ್ಳೇದೇನಾದರೂ ಕಣ್ಣಿಗೆ ಬಿದ್ದರೆ ನಿನಗೆ ಹೇಳಬೇಕು ಅನ್ನಿಸ್ತಿತ್ತು, ಅದಕ್ಕೆ."

"ಆ ದಿನ ತಲೆನೋವು ಇರಲಿಲ್ಲ ನನಗೆ. ಮನೇಲೇ ಕೂತಿದ್ದೆ. ಬಂದರೆ ಅಳ್ತೀನಿ ಅಂತ ಗೊತ್ತಿತ್ತು." ಅವಳು ಕಣ್ಣೊರೆಸಿಕೊಂಡಳು. "ನಾನು ನಿಮ್ಮನ್ನ ಪ್ರೀತಿಸ್ತೀನಿ. ಆಗಲೂ ಪ್ರೀತಿಸ್ತಿದ್ದೆ. ಪ್ರೀತಿಸ್ತಿದ್ದೋಳು ಮಾಡೋ ಕೆಲಸ ಅಲ್ಲ ನಾನು ಮಾಡಿದ್ದು… ಅದಕ್ಕೇ ಈಗ ಹೇಳೋಕೂ ನಾಚಿಕೆ ಆಗ್ತಿದೆ. ನೀವು ಏನೂ ಉತ್ತರ ಕೊಡಬೇಕಾಗಿಲ್ಲ. ಇಲ್ಲಿ ಪಾಠ ಮಾಡೋಕೆ ಮಾತ್ರ ಒಪ್ಪಿಕೊಳ್ಳಿ. ನನ್ನ ಆ ಒಂದು ಮಾತಿಗೆ ನೀವು ಬಾಯಿ ಕಟ್ಟಿಕೊಂಡು ಕೂರಬೇಡಿ."

ಅವನು ಹಾಳೆಯನ್ನ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಅವನ ಕಣ್ಣೂ ತುಂಬಿತ್ತು.

"ಹನ್ನೊಂದು ತಿಂಗಳು ಹೋಯ್ತಲ್ಲೇ," ಅಂದ.

"ಹೋಯ್ತು. ಅದನ್ನ ವಾಪಸ್ ತರೋಕೆ ನನ್ನ ಕೈಲಾಗಲ್ಲ."

"ನನ್ನ ಕೈಲೂ ಆಗಲ್ಲ." ಅವನು ಮೇಜಿನ ಮೇಲಿದ್ದ ಅವಳ ಕೈಯನ್ನ ನೋಡಿದ, ಮೆಲ್ಲಗೆ ತನ್ನ ಕೈ ಅದರ ಮೇಲಿಟ್ಟ. "ಮಂಗಳವಾರದಿಂದ ಪಾಠ ಶುರು ಮಾಡ್ತೀನಿ ಅಂತ ಹೇಳ್ತೀನಿ. ಮೊದಲನೇ ದಿನ ಕೈ ನಡುಗತ್ತೆ ನನಗೆ. ಅಭ್ಯಾಸ ತಪ್ಪಿದೆ."

"ನಾನು ಹಿಂದಿನ ಸಾಲಲ್ಲಿ ಕೂರಲಾ?"

"ಬೇಡ. ಮುಂದೆ ಕೂತ್ಕೋ. ಕಾಣಿಸೋ ಹಾಗೆ."

ಅವಳು ತಲೆಯಾಡಿಸಿದಳು. ಆಮೇಲೆ ಕೇಳಿದಳು, "ಈಗ ನಾನು ಹೋಗಬೇಕಾ?"

"ಒಂದು ಸಲ ನಿನ್ನ ಬಿಟ್ಟಿದ್ದು ನೋಡಿದೀನಿ," ಅಂದ ಅವನು. "ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."